ಸಮಪಾಲೋ, ಕೆಲಸಕ್ಕೆ ತಕ್ಕ ಪಾಲೋ?

ಕೂಡಿ ಹಾಡು ಕಟ್ಟುವವರು ಸಮಪಾಲು ಒಪ್ಪಿಕೊಂಡರೆ ಲೆಕ್ಕ ಸುಲಭ; ಆದರೆ ಪಲ್ಲವಿಯಲ್ಲಿ ಒಂದೇ ಪದ ತಿದ್ದಿದವರಿಗೂ ಮೂರು ಚರಣ ಬರೆದವರಷ್ಟೇ ಹಣ ಸಲ್ಲುತ್ತದೆ. ಕೆಲಸಕ್ಕೆ ತಕ್ಕ ಪಾಲು ನ್ಯಾಯವೆನಿಸಿದರೂ, ಧಾಟಿಯನ್ನು ಮೊದಲು ಗುನುಗಿದವರು ಯಾರೆಂಬ ವಾದ ಏಳುವುದು ಹಾಡು ಗೆದ್ದ ಮೇಲೆಯೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಸಾಹಿತ್ಯವನ್ನೂ ಸಂಗೀತವನ್ನೂ ಬೇರೆ ಬೇರೆ ಕೃತಿಗಳೆಂದು ಎಣಿಸುವುದರಿಂದ, ಒಬ್ಬರು ಬರೆದು ಇನ್ನೊಬ್ಬರು ರಾಗ ಹಾಕಿದ್ದರೆ ಗೊಂದಲ ಕಡಿಮೆ. ಸಾಲುಗಳನ್ನೇ ಇಬ್ಬರೂ ಸೇರಿ ಹೊಸೆದಿದ್ದರೆ ಯಾರಿಗೆ ಶೇಕಡಾ ಎಷ್ಟೆಂದು ಬರೆದಿಡಲೇಬೇಕು.

ಬಾಯಿಮಾತು ಸ್ನೇಹ ಇರುವಷ್ಟು ದಿನ ನಡೆಯುತ್ತದೆ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡುವಾಗಲಂತೂ ಕಾಯ್ದೆ ಸಹಿ ಹಾಕಿದ ಪತ್ರವನ್ನೇ ಕೇಳುತ್ತದೆ, ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದು ಪರಿಗಣಿಸುತ್ತದೆ. ಹೊಸಬರಿಗೆ ನಾನು ಸಮಪಾಲನ್ನೇ ಸೂಚಿಸುತ್ತೇನೆ. ಆದರೆ ಹೆಸರು, ಪಾಲು, ದಿನಾಂಕ, ಸಹಿಗಳಿರುವ ಒಂದು ಹಾಳೆ ಧ್ವನಿಮುದ್ರಣಕ್ಕೆ ಮೊದಲೇ ಸಿದ್ಧವಾಗಿರಲಿ.