ಗೇರ್‌ಬಾಕ್ಸ್ ಇಳಿಸಲು ಸಹಿ ಹಾಕುವ ಮುನ್ನ: ಕ್ಲಚ್ ಮತ್ತು ಫ್ಲೈವೀಲ್ ದುರಸ್ತಿಯ ಒಂದು ತಕರಾರು

ಡೀಸೆಲ್ ಕಾರಿನ ಕ್ಲಚ್ ದುರಸ್ತಿಗೆಂದು ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗುವವರು ಗೇರ್‌ಬಾಕ್ಸ್ ಇಳಿಸಲು ಒಪ್ಪಿಗೆ ಕೊಡುವ ಮೊದಲೇ ಎಲ್ಲ ಷರತ್ತುಗಳನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಒಮ್ಮೆ ಅದು ಕೆಳಗಿಳಿಯಿತೆಂದರೆ ಮಾತುಕತೆಗೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಬೆಂಗಳೂರಿನ ಒಂದು ಡೀಲರ್‌ಶಿಪ್‌ನಲ್ಲಿ ನನಗಾದದ್ದು ಇದೇ.

ಕಾರು 60,000 ಕಿಲೋಮೀಟರ್ ದಾಟಿತ್ತು, ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ಚಾಲ್ತಿಯಲ್ಲಿತ್ತು. ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು ಬರುತ್ತಿತ್ತು, ಮೊದಲ ಗೇರಿನಲ್ಲಿ ಹೊರಡುವಾಗ ಗಾಡಿ ನಡುಗುತ್ತಿತ್ತು. ಆದರೆ ಆಕ್ಸಿಲರೇಟರ್ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರುವ, ಅಂದರೆ ಕ್ಲಚ್ ಜಾರುವ ಲಕ್ಷಣ ಇರಲಿಲ್ಲ. ಸರ್ವೀಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ‘ಕ್ಲಚ್ ತಪಾಸಣೆ’ ಎಂದಷ್ಟೇ ಬರೆದು, 20,000 ರೂಪಾಯಿಯೊಳಗೆ ಮುಗಿಯುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಬಂದ ಎಸ್ಟಿಮೇಟ್ 90,000 ದಾಟಿತ್ತು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜೊತೆಗೆ ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಕೂಡ ಹೋಗಿದೆ, ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಪೆಡಲನ್ನು ಅರ್ಧ ಒತ್ತಿಕೊಂಡೇ, ಓಡಿಸಿದ್ದೇ ಇದಕ್ಕೆ ಕಾರಣ, ಆದ್ದರಿಂದ ವಾರಂಟಿ ಸಿಗದು ಎಂದರು. ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕೆಲಸಕ್ಕೆ ಹೋಗುವ ಯಾರ ಮೇಲೆ ಬೇಕಾದರೂ ಹೊರಿಸಬಹುದಾದ ಆರೋಪವಿದು.

ಕ್ಲಚ್ ಪ್ಲೇಟ್ ಸವೆಯುವ ಭಾಗ. ಅದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಫ್ಲೈವೀಲಿನ ಕಥೆ ಬೇರೆ. ಡ್ಯುಯಲ್ ಮಾಸ್ ಫ್ಲೈವೀಲಿನಲ್ಲಿ ಎರಡು ಭಾರವಾದ ಚಕ್ರಗಳಿದ್ದು, ಅವುಗಳ ನಡುವೆ ಗ್ರೀಸಿನಲ್ಲಿ ಕೂತಿರುವ ಬಾಗಿದ ಸ್ಪ್ರಿಂಗ್‌ಗಳು ಎಂಜಿನ್ನಿನ ಕಂಪನವನ್ನು ಗೇರ್‌ಬಾಕ್ಸಿಗೆ ಮುಟ್ಟದಂತೆ ಹೀರಿಕೊಳ್ಳುತ್ತವೆ. ಹಾಫ್ ಕ್ಲಚ್ ಚಾಲನೆಯಿಂದ ಅದು ಅತಿಯಾಗಿ ಕಾದಿದ್ದರೆ ಕ್ಲಚ್ ಉಜ್ಜುವ ಮೇಲ್ಮೈಯಲ್ಲಿ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಕಾಣಬೇಕು. ಮೇಲ್ಮೈ ಸರಿಯಿದ್ದು ಒಳಗಿನ ಸ್ಪ್ರಿಂಗ್ ಮಾತ್ರ ಸಡಿಲವಾಗಿದ್ದರೆ, ತಪ್ಪನ್ನು ಚಾಲಕನ ಕಾಲಿನ ಮೇಲೆ ಹಾಕುವುದು ಅಷ್ಟು ಸುಲಭವಲ್ಲ. ಇದನ್ನು ಅಳೆಯುವ ಕ್ರಮವೂ ಇದೆ: ಒಂದು ಚಕ್ರ ಇನ್ನೊಂದಕ್ಕೆ ಹೋಲಿಸಿದರೆ ಎಷ್ಟು ಕೋನ ತಿರುಗುತ್ತದೆ, ಎಷ್ಟು ಅಲುಗಾಡುತ್ತದೆ ಎಂದು ನೋಡಿ, ಆ ಬಿಡಿಭಾಗಕ್ಕೆ ತಯಾರಕರು ಕೊಟ್ಟ ಮಿತಿಯೊಡನೆ ಹೋಲಿಸುತ್ತಾರೆ. ಆ ಅಳತೆ ಎಲ್ಲಿ ಎಂದು ಕೇಳಿದರೆ, ‘ನಮ್ಮ ಟೆಕ್ನಿಷಿಯನ್‌ಗೆ ಬಹಳ ಅನುಭವವಿದೆ ಸಾರ್’ ಎಂಬ ಉತ್ತರ ಬಂತು.

ಕೆಲಸ ಬೇಡವೆಂದರೆ ಬಿಚ್ಚಿದ್ದಕ್ಕೂ ಮತ್ತೆ ಜೋಡಿಸುವುದಕ್ಕೂ ಮಜೂರಿ, ಅದರ ಮೇಲೆ ದಿನಬಾಡಿಗೆಯ ಪಾರ್ಕಿಂಗ್ ಶುಲ್ಕ ಎಂದರು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ನಿನಂತೆ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವರು ಅದರ ಹಣ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದಾದ್ದರಿಂದ, ಜಗಳವಾಡಿ ಕಾರು ಬಿಡಿಸಿಕೊಳ್ಳುವುದು ಸುಲಭವಲ್ಲ. ಕೊನೆಗೆ ಬಿಲ್ಲಿನ ಮೇಲೆಯೇ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಸಹಿ ಮಾಡಿ, ಅದರ ಫೋಟೊ ತೆಗೆದುಕೊಂಡು ಹಣ ಕಟ್ಟಿದೆ. ಹಳೆಯ ಫ್ಲೈವೀಲ್ ಕೇಳಿದಾಗ ಅದು ಆಗಲೇ ಸ್ಕ್ರ್ಯಾಪಿಗೆ ಹೋಗಿತ್ತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ದೊಡ್ಡ ನಷ್ಟ ಇದೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವಸ್ತುವಿನ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಳಿಸಲು ವಸ್ತುವೇ ಇಲ್ಲದಿದ್ದರೆ ಉಳಿಯುವುದು ಅವರ ಮಾತು, ನಮ್ಮ ಮಾತು ಮಾತ್ರ. ಆದ್ದರಿಂದ ವಾರಂಟಿ ನಿರಾಕರಿಸಿ ನಮ್ಮಿಂದಲೇ ಹಣ ಪಡೆಯುವುದಾದರೆ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು, ಬಿಚ್ಚಿದ ಕೂಡಲೇ ನಮ್ಮೆದುರು ಅಳತೆ ಮಾಡಿ ಫೋಟೊ ಕೊಡಬೇಕು, ಲಿಖಿತ ಒಪ್ಪಿಗೆಯಿಲ್ಲದೆ ಎಸ್ಟಿಮೇಟ್ ಮೀರಬಾರದು ಎಂಬುದನ್ನು ಜಾಬ್ ಕಾರ್ಡಿನಲ್ಲೇ ಬರೆಸಿ. ಬರೆಯಲು ಒಪ್ಪದಿದ್ದರೆ, ಗಾಡಿ ಇನ್ನೂ ಓಡುವ ಸ್ಥಿತಿಯಲ್ಲಿರುವಾಗಲೇ ಬೇರೆ ಕಡೆ ತೋರಿಸಿ.

ದೂರು ಕೊಡುವವರಿಗೆ 1915 ಎಂಬ ಗ್ರಾಹಕ ಸಹಾಯವಾಣಿಯಿದೆ. ಡೀಲರ್ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಅರ್ಜಿ ಹಾಕಬಹುದು. ಪಾವತಿಸಿದ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ನಾನು ನೋಟಿಸ್ ಕಳಿಸಿದ ಮೇಲೆ ಫ್ಲೈವೀಲಿನ ಅರ್ಧ ಬೆಲೆಯನ್ನು ‘ಗುಡ್‌ವಿಲ್’ ಎಂದು ಮರಳಿಸಲು ಮುಂದೆ ಬಂದರು. ಆದರೆ ಅದರೊಂದಿಗೆ ಬಂದ ಪತ್ರದಲ್ಲಿ ‘ದುರಸ್ತಿಯಿಂದ ಸಂಪೂರ್ಣ ತೃಪ್ತನಾಗಿದ್ದೇನೆ, ಮುಂದೆ ಯಾವ ಹಕ್ಕನ್ನೂ ಮಂಡಿಸುವುದಿಲ್ಲ’ ಎಂಬ ಸಾಲಿತ್ತು. ಆ ಸಾಲು ತೆಗೆಯಿರಿ ಎಂದೆ. ತೆಗೆಯಲಿಲ್ಲ, ಹಾಗಾಗಿ ನಾನು ಸಹಿ ಹಾಕಿಲ್ಲ. ಅರ್ಜಿ ಈಗ ಆಯೋಗದ ಮುಂದಿದೆ.