ಕಾರಿವ್ರೆಕನ್ ಸುಳಿಗೆ ಬೋಟ್ ಟೂರ್: ಹೋಗಬಹುದು, ಆದರೆ ದಕ್ಕೆಯಲ್ಲೇ ಕಣ್ಣು ತೆರೆದಿರಿ

ಸ್ಕಾಟ್ಲೆಂಡಿಗೆ ಬರುವ ನಮ್ಮವರು ಎಡಿನ್‌ಬರೋ ಕೋಟೆ, ಲಾಕ್ ನೆಸ್ ಮುಗಿಸಿ ವಾಪಸ್ ಹೋಗಿಬಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಓಬನ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕಾರಿವ್ರೆಕನ್ ಸುಳಿ ತೋರಿಸುವ ಬೋಟುಗಳು ಸಿಗುತ್ತವೆ. ಅದಕ್ಕೆ ದುಡ್ಡು ಕೊಡಬಹುದಾ ಅಂತ ಕೇಳಿದರೆ, ಕೊಡಬಹುದು. ಆದರೆ ಸುಳಿಯ ಫೋಟೋ ನೋಡಿ ಬುಕ್ ಮಾಡಬೇಡಿ, ಬೋಟಿನವರು ಹೇಗಿದ್ದಾರೆ ಅಂತ ನೋಡಿ ಮಾಡಿ.

ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವಿನ ಇಕ್ಕಟ್ಟಾದ ಜಾಗ ಇದು. ನೀರಿನ ಒಳಗೆ ಒಂದು ಕಲ್ಲಿನ ಗೋಪುರ ಇದೆ, ಅದರ ತುದಿ ಮೇಲ್ಮಟ್ಟದಿಂದ ಸುಮಾರು 30 ಮೀಟರ್ ಕೆಳಗೆ. ಉಬ್ಬರದ ಸೆಳೆತ ಅದಕ್ಕೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಸೆಳೆತದ ವೇಗ 8 ನಾಟ್ ದಾಟುತ್ತದೆ, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್. ಎದುರಿಂದ ಪಶ್ಚಿಮದ ಗಾಳಿ ಬೇರೆ ಜೋರಾಗಿದ್ದರೆ ಅಲೆಗಳು ನಿಂತಲ್ಲೇ ಗೋಡೆಯ ಹಾಗೆ ಏಳುತ್ತವೆ. 1947ರಲ್ಲಿ ಜುರಾದಲ್ಲಿ ವಾಸವಿದ್ದ ಲೇಖಕ ಜಾರ್ಜ್ ಆರ್ವೆಲ್ ಪುಟ್ಟ ಮಗನನ್ನೂ ಕರೆದುಕೊಂಡು ಸಣ್ಣ ಮೋಟಾರು ದೋಣಿಯಲ್ಲಿ ಇದರ ಹತ್ತಿರ ಬಂದು ಸಿಕ್ಕಿಕೊಂಡರು, ಇಂಜಿನ್ ಕಿತ್ತು ನೀರಿಗೆ ಹೋಯಿತು, ಹುಟ್ಟು ಹಾಕಿ ಒಂದು ಬಂಡೆ ತಲುಪುವಷ್ಟರಲ್ಲಿ ದೋಣಿ ಮಗುಚಿತು. ಲಾಬ್‌ಸ್ಟರ್ ಹಿಡಿಯುವ ಬೋಟಿನವರು ಕಂಡಿದ್ದಕ್ಕೆ ಬದುಕಿದರು.

ಈಗ ನಾವು ಹೋದ ಟೂರ್. ರಿಬ್ ಅನ್ನುವ ತೆರೆದ ಬೋಟು, ಗಟ್ಟಿ ತಳ, ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆ. ಹತ್ತುವ ಮೊದಲು ದಕ್ಕೆಯಲ್ಲಿ ತುಂಬಾ ಹೊತ್ತು ನಿಲ್ಲಿಸಿದರು. ಪಕ್ಕದವರೊಬ್ಬರು ಗೊಣಗುತ್ತಿದ್ದರು, ನನಗೆ ಮಾತ್ರ ಅದೇ ಇಷ್ಟವಾಯಿತು. ನೀರು ಇಳಿಯದ ಸೂಟ್ ಹಾಕಿಸಿ, ಅದರ ಮೇಲೆ ಲೈಫ್ ಜಾಕೆಟ್ ಕಟ್ಟಿ, ಪ್ರತಿಯೊಬ್ಬರ ತೊಡೆಸಂದಿಯ ಪಟ್ಟಿಯನ್ನೂ ಬೋಟು ನಡೆಸುವ ಸ್ಕಿಪ್ಪರ್ ತಾವೇ ಎಳೆದು ನೋಡಿದರು. ಆ ಪಟ್ಟಿ ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಹೋಗುತ್ತದೆ, ನಾವು ಕೆಳಗೆ. ಆಮೇಲೆ ರೇಡಿಯೋದಲ್ಲಿ ಕೋಸ್ಟ್‌ಗಾರ್ಡ್‌ಗೆ ಎಷ್ಟು ಜನ ಇದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ತಿಳಿಸಿದರು. ನಡೆಸುವವರು ಜಾಗ ಬಿಟ್ಟು ಬಿದ್ದರೆ ಇಂಜಿನ್ ತಾನಾಗಿ ನಿಲ್ಲಿಸುವ ಕಿಲ್ ಕಾರ್ಡ್ ಅನ್ನುವ ದಾರವನ್ನು ತಮ್ಮ ಕಾಲಿಗೆ ಸುತ್ತಿಕೊಂಡರು. ಇದೇನು ಸಣ್ಣ ವಿಷಯ ಅಲ್ಲ. 2013ರಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ತಿರ ಅದನ್ನು ಕಟ್ಟಿಕೊಳ್ಳದ ಬೋಟಿನಿಂದ ಇಡೀ ಕುಟುಂಬ ನೀರಿಗೆ ಬಿತ್ತು, ಖಾಲಿ ಬೋಟು ಸುತ್ತು ಹೊಡೆದು ಅವರ ಮೇಲೇ ಬಂತು, ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದ ನಮಗೆ ಸಮುದ್ರ ಅಂದರೆ ಬೆಚ್ಚಗಿನ ನೀರು, ಅಲ್ವಾ? ಇಲ್ಲಿ ಬೇಸಿಗೆಯಲ್ಲೂ 13-14 ಡಿಗ್ರಿ. ಬಿದ್ದ ಕ್ಷಣ ಮೈ ತಾನಾಗಿ ದೊಡ್ಡ ಉಸಿರು ಎಳೆಯುತ್ತದೆ, ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಮೊದಲ ಒಂದೆರಡು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ. ಹತ್ತು ನಿಮಿಷದ ಹೊತ್ತಿಗೆ ಕೈಬೆರಳು ಮಾತು ಕೇಳುವುದಿಲ್ಲ, ಹಗ್ಗ ಎಸೆದರೂ ಹಿಡಿಯಲಾಗದು. ಚಳಿಗೆ ಮೈ ಪೂರ್ತಿ ತಣ್ಣಗಾಗಿ ಸಾಯುವುದು ಆಮೇಲಿನ ಮಾತು. ಚೆನ್ನಾಗಿ ಈಜು ಬರುತ್ತದೆ ಅನ್ನುವವರೂ ಮೊದಲ ಹಂತದಲ್ಲೇ ಮುಳುಗುತ್ತಾರೆ. ಇಲ್ಲಿನ ಲೈಫ್‌ಬೋಟ್ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳುವುದೂ ಅದನ್ನೇ: ಈಜಬೇಡಿ, ತಲೆ ಹಿಂದಕ್ಕೆ ಹಾಕಿ ಅಂಗಾತ ತೇಲಿ, ಉಸಿರು ಸರಿಯಾದ ಮೇಲೆ ಮುಂದಿನದು. ನಮ್ಮ ಸ್ಕಿಪ್ಪರ್ ಇದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದರು.

ಇದಕ್ಕೆ ಮೊದಲು ಇದೇ ಕರಾವಳಿಯಲ್ಲಿ ಇನ್ನೊಂದು ಕಂಪನಿಯ ಜೊತೆ ಸೀಲ್ ಅನ್ನುವ ಕಡಲಪ್ರಾಣಿ ನೋಡಲು ಹೋಗಿದ್ದೆವು. ಅಲ್ಲಿ ಜಾಕೆಟ್ಟುಗಳನ್ನು ರಾಶಿ ಹಾಕಿ "ಒಂದೊಂದು ತಗೊಳ್ಳಿ" ಅಂದರು, ಅಷ್ಟೇ. ಮಗಳಿಗೆ ದೊಡ್ಡವರ ಅಳತೆಯದು ಬಂತು. ಸಣ್ಣದು ಕೊಡಿ ಅಂದರೆ ಸುಮ್ನೆ ನಕ್ಕರು. ಸೀಲ್ ಚೆನ್ನಾಗಿದ್ದವು. ಇನ್ನೊಮ್ಮೆ ಅವರ ಹತ್ತಿರ ಹೋಗಲ್ಲ.

ಸುಳಿ ಹೇಗಿತ್ತು? ಸಿನಿಮಾದ ಹಾಗೆ ಒಂದೇ ದೊಡ್ಡ ಗುಂಡಿ ಕಾಣುವುದಿಲ್ಲ. ನೀರು ಒಂದು ಕಡೆ ಎಣ್ಣೆಯ ಹಾಗೆ ನುಣುಪು, ಪಕ್ಕದಲ್ಲೇ ಕುದಿಯುತ್ತಿರುತ್ತದೆ, ಸಣ್ಣ ಸಣ್ಣ ಸುಳಿಗಳು ಹುಟ್ಟಿ ಕರಗುತ್ತವೆ. ಬೋಟು ತಾನಾಗಿ ಪಕ್ಕಕ್ಕೆ ಜಾರುವುದು ಗೊತ್ತಾಗುತ್ತದೆ. ಹೊಟ್ಟೆಯೊಳಗೆ ಏನೋ ಆಗುತ್ತದೆ.

ದೂರುಗಳೂ ಇವೆ. ಸೂಟು ಹಿಂದಿನ ಗುಂಪಿನವರು ಹಾಕಿದ್ದು, ಒಳಗೆಲ್ಲ ಒದ್ದೆ. ಇಂಜಿನ್ ಸದ್ದಿನಲ್ಲಿ ವಿವರಣೆ ಅರ್ಧ ಕೇಳಲಿಲ್ಲ. ಇಳಿದ ಮೇಲೆ ಬಿಸಿ ಚಹಾಕ್ಕೂ ಜಾಗ ಇಲ್ಲ. ಮತ್ತೆ ಮುಂದಿನ ಸೀಟು ಬೇಡವೇ ಬೇಡ, ಅಲೆಯ ಮೇಲಿಂದ ಬೋಟು ಧಡಾರ್ ಅಂತ ಬೀಳುವಾಗ ಪೆಟ್ಟೆಲ್ಲ ಅಲ್ಲೇ ಜಾಸ್ತಿ. ಇಂಥ ಬೋಟುಗಳಲ್ಲಿ ಬೆನ್ನುಮೂಳೆ ಮುರಿದುಕೊಂಡವರೂ ಇದ್ದಾರೆ. ಹಿಂದೆ ಕೂತು ಮೊಣಕಾಲು ಸಡಿಲ ಬಿಡಿ.

ಬುಕ್ ಮಾಡುವಾಗ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಸೆಳೆತ ಜೋರು, ಸುಳಿ ಚೆನ್ನಾಗಿ ಕಾಣುತ್ತದೆ. ಗಾಳಿ ಇದೆ ಅಂತ ಅವರು ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಜಗಳ ಆಡಬೇಡಿ, ಅಂಥವರಿಗೇ ಇನ್ನೊಂದು ದಿನ ದುಡ್ಡು ಕೊಡಿ. ಅಪ್ಪ ಅಮ್ಮ ಜೊತೆಗಿದ್ದರೆ, ಅಥವಾ ಬೆನ್ನು ನೋವಿದ್ದರೆ ಇದನ್ನು ಬಿಟ್ಟು ಓಬನ್‌ನಿಂದ ಮಲ್ ದ್ವೀಪಕ್ಕೆ ಹೋಗುವ ದೊಡ್ಡ ಫೆರ್ರಿ ಹತ್ತಿ. ಅದರಲ್ಲಿ ಚಹಾನೂ ಸಿಗುತ್ತದೆ.