ಮಿಕ್ಸರ್‌ನಿಂದ ಕಂಪ್ಯೂಟರ್‌ಗೆ: ಎರಡು ಚಾನೆಲ್ ಸಾಕೋ, ಬೇರೆ ಬೇರೆ ಟ್ರ್ಯಾಕ್ ಬೇಕೋ?

ಹಲವು ಮೈಕ್, ವಾದ್ಯಗಳ ಸದ್ದು ಬೆರೆಸುವ ಆಡಿಯೋ ಮಿಕ್ಸರ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಇರುವವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಚಿಕ್ಕ ಮಿಕ್ಸರ್‌ಗಳಲ್ಲಿ ಹೆಚ್ಚಿನವು ಕಂಪ್ಯೂಟರ್‌ಗೆ ಕಳಿಸುವುದು ಎಡ ಬಲ ಎರಡೇ ಚಾನೆಲ್. ಎಷ್ಟು ಮೈಕ್ ಹಾಕಿದರೂ ಎಲ್ಲವೂ ಬೆರೆತ ಮೇಲೆಯೇ ಕೇಬಲ್‌ಗೆ ಇಳಿಯುತ್ತವೆ. ಇದರ ಜೊತೆಗೆ, ಪ್ರತಿ ಮೈಕನ್ನೂ ಬೇರೆಯಾಗಿ ಕಳಿಸುವ ಮಲ್ಟಿಟ್ರ್ಯಾಕ್ ಮಿಕ್ಸರ್ ಒಂದನ್ನೂ, ಯುಎಸ್‌ಬಿಯೇ ಇಲ್ಲದ ಹಳೆಯ ಅನಲಾಗ್ ಮಿಕ್ಸರ್‌ಗೆ ಹೊರಗಿನಿಂದ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡಿ ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ) ಜೋಡಿಸಿಯೂ ಬಳಸಿ ನೋಡಿದ್ದೇನೆ.

ಸ್ಟೀರಿಯೋ ಯುಎಸ್‌ಬಿ ಮಿಕ್ಸರ್‌ನಷ್ಟು ಸಲೀಸು ಬೇರೊಂದಿಲ್ಲ. ಕೇಬಲ್ ಚುಚ್ಚಿದರೆ ಸಾಮಾನ್ಯವಾಗಿ ಡ್ರೈವರ್ ಕೇಳದೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕಾಣಿಸಿಕೊಳ್ಳುತ್ತದೆ. ಅಗ್ಗದವು 16 ಬಿಟ್, 48 ಕಿಲೋಹರ್ಟ್ಸ್‌ಗೇ ನಿಲ್ಲುತ್ತವೆ, ಅಂದರೆ ಸದ್ದನ್ನು ಸೆಕೆಂಡಿಗೆ 48 ಸಾವಿರ ಸಲ, ಪ್ರತಿ ಸಲ 16 ಬಿಟ್ ಸೂಕ್ಷ್ಮತೆಯಲ್ಲಿ ಅಳೆಯುತ್ತವೆ. ಅದಕ್ಕೆ ಮೂಗು ಮುರಿಯುವವರಿದ್ದಾರೆ, ನನಗೇನೂ ತೊಂದರೆ ಕಾಣಲಿಲ್ಲ. 16 ಬಿಟ್ ಕೊಡುವುದು ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ವ್ಯಾಪ್ತಿ. ಕೋಣೆಯ ಫ್ಯಾನಿನ ಸದ್ದೇ ಅದರ ತಳಕ್ಕಿಂತ ಎಷ್ಟೋ ಮೇಲಿರುತ್ತದೆ.

ತೊಂದರೆ ಇರುವುದು ಮಿಕ್ಸ್‌ನಲ್ಲಿ. ಗಿಟಾರ್ ಆಂಪ್ಲಿಫೈಯರ್‌ನಿಂದಲೇ ಕೋಣೆ ತುಂಬುತ್ತಿದ್ದರೆ ಮಿಕ್ಸರ್‌ನಲ್ಲಿ ಅದರ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಇಳಿಸಿಯೇ ಇಡುತ್ತೇವೆ. ಕೂತು ಕೇಳುವವರಿಗೆ ಅದು ಸರಿ. ರೆಕಾರ್ಡಿಂಗ್‌ನಲ್ಲಿ ಮಾತ್ರ ಗಿಟಾರ್ ಇದ್ದೂ ಇಲ್ಲದಂತೆ. ಆಮೇಲೆ ಬಿಡಿಸಿ ಎತ್ತಲು ಬೇರೆ ಟ್ರ್ಯಾಕ್ ಇಲ್ಲ. ಇನ್ನೊಂದು ಕಾಟ, ಕಂಪ್ಯೂಟರ್‌ನಿಂದ ಮರಳಿ ಬರುವ ಸದ್ದು. ಅದು ಮೇನ್ ಮಿಕ್ಸ್‌ಗೆ, ಅಂದರೆ ಎಲ್ಲ ಬೆರೆತು ಹೊರಬೀಳುವ ಸದ್ದಿಗೆ, ಸೇರಿದರೆ ಮತ್ತೆ ಕಂಪ್ಯೂಟರ್‌ಗೇ ಹೋಗುತ್ತದೆ: ವಿಡಿಯೋ ಕರೆಯಲ್ಲಿ ಆಚೆಯವರಿಗೆ ತಮ್ಮದೇ ದನಿ ಕೇಳುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಾನಿಟರಿಂಗ್ (ಒಳಬರುವ ಸದ್ದನ್ನು ಕೂಡಲೇ ಕೇಳಿಸುವುದು) ಆನ್ ಇದ್ದರೆ ಕಿರುಚಾಟ ಶುರು. ಮರಳುವ ಸದ್ದನ್ನು ಹೆಡ್‌ಫೋನ್‌ಗಷ್ಟೇ ಕಳಿಸುವ ಸ್ವಿಚ್ ಕೆಲವು ಮಾದರಿಗಳಲ್ಲಿದೆ. ಕೊಳ್ಳುವ ಮುನ್ನ ನಾನು ಮೊದಲು ನೋಡುವುದು ಅದನ್ನೇ, ಬಿಟ್ ಲೆಕ್ಕವನ್ನಲ್ಲ.

ಮಲ್ಟಿಟ್ರ್ಯಾಕ್‌ನಲ್ಲಿ ಪ್ರತಿ ಮೈಕೂ ತನ್ನದೇ ಟ್ರ್ಯಾಕ್ ಆಗಿ ಬರುತ್ತದೆ. ಸೌಂಡ್‌ಕ್ರಾಫ್ಟ್‌ನ ಸಿಗ್ನೇಚರ್ 12 ಎಂಟಿಕೆ ಕಂಪ್ಯೂಟರ್‌ಗೆ 14 ಚಾನೆಲ್ ಕಳಿಸುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 16 ಮೆಗಾಬಿಟ್, ಯುಎಸ್‌ಬಿ 1.1ರ ಮಿತಿಯೇ 12, ಆದ್ದರಿಂದ 2.0 ಬೇಕೇ ಬೇಕು. ವಿಂಡೋಸ್‌ನಲ್ಲಿ ಕಂಪನಿಯ ಎಎಸ್‌ಐಒ (ವಿಳಂಬ ಕಡಿಮೆ ಮಾಡುವ) ಡ್ರೈವರ್ ಹಾಕಿಕೊಳ್ಳುವುದೇ ಒಳ್ಳೆಯದು. ಸಿಗ್ನಲ್ ಸಾಮಾನ್ಯವಾಗಿ ಗೇನ್ (ಮೈಕ್ ಸಿಗ್ನಲ್ ಹಿಗ್ಗಿಸುವ ಮೊದಲ ಗುಂಡಿ) ದಾಟಿದ ಮೇಲೆ, ಫೇಡರ್‌ಗೆ ಮೊದಲೇ ಕಂಪ್ಯೂಟರ್‌ಗೆ ಹೊರಡುವುದರಿಂದ ಫೇಡರ್ ಹೇಗಿದ್ದರೂ ಚಿಂತೆಯಿಲ್ಲ, ಆದರೆ ಗೇನ್ ಹೆಚ್ಚಾಗಿ ಒಡೆದ ದನಿಯನ್ನು ಆಮೇಲೆ ಯಾರೂ ಸರಿಪಡಿಸಲಾರರು. ವಿಡಿಯೋ ಕರೆಗೆ ಇದು ಒಗ್ಗಲಿಲ್ಲ: ಸಾಫ್ಟ್‌ವೇರ್ ಮೊದಲ ಎರಡು ಚಾನೆಲ್ ಮಾತ್ರ ಹಿಡಿದು, ಉಳಿದ ಮೈಕ್‌ಗಳನ್ನು ಗಣನೆಗೇ ತಗೊಳ್ಳಲಿಲ್ಲ.

ಅನಲಾಗ್ ಮಿಕ್ಸರ್ ಮತ್ತು ಇಂಟರ್‌ಫೇಸ್ ಜೋಡಿಗೆ ಕೇಬಲ್ ಹೆಚ್ಚು, ಜಾಗ ಹೆಚ್ಚು. ಆದರೆ ಮೇನ್ ಬದಲು ಎರಡು ಆಕ್ಸ್ ಸೆಂಡ್‌ಗಳನ್ನು (ಬೇರೊಂದು ಮಿಕ್ಸ್ ಹೊರಗೆ ಕಳಿಸುವ ದಾರಿಗಳು) ಪ್ರೀ-ಫೇಡರ್, ಅಂದರೆ ಫೇಡರ್‌ಗೆ ಮೊದಲೇ ಸದ್ದು ಹೊರಡುವಂತೆ, ಇಟ್ಟು ಇಂಟರ್‌ಫೇಸ್‌ಗೆ ಕೊಟ್ಟರೆ, ಕೋಣೆಗೊಂದು ಮಿಕ್ಸ್, ರೆಕಾರ್ಡಿಂಗ್‌ಗೆ ಇನ್ನೊಂದು ಸಿಗುತ್ತದೆ. ಮೇಲೆ ಹೇಳಿದ ಗಿಟಾರ್ ತಕರಾರು ಅಲ್ಲಿಗೆ ಮುಗಿಯಿತು. ಇಂಟರ್‌ಫೇಸ್‌ನ ಇನ್‌ಪುಟ್ ಮಾತ್ರ ಲೈನ್‌ನಲ್ಲಿ, ಅಂದರೆ ಮೈಕ್‌ಗಿಂತ ಜೋರಾದ ಸಿಗ್ನಲ್‌ಗೆಂದಿರುವ ಸ್ಥಾನದಲ್ಲಿ, ಇರಬೇಕು. ಮಿಕ್ಸರ್ ಹೊರಬಿಡುವ ಸಾಮಾನ್ಯ ಮಟ್ಟ ಪ್ಲಸ್ 4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್, ಮೈಕ್ ಇನ್‌ಪುಟ್ ಅದನ್ನು ತಾಳಲಾರದು. ಬ್ಯಾಲೆನ್ಸ್ಡ್ ಕೇಬಲ್ (ಗದ್ದಲ ತಡೆಯಲು ಸಿಗ್ನಲ್‌ಗೆ ಎರಡು ತಂತಿ ಇರುವುದು) ಹಾಕಿದರೆ ಹಮ್ಮಿಂಗ್ ಕೂಡ ಕಡಿಮೆ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ಗೇ ಚುಚ್ಚುವ ಯೋಚನೆ ಬಿಡಿ, ಅಲ್ಲಿರುವುದು ಮೋನೋ, ಅಂದರೆ ಒಂದೇ ಚಾನೆಲ್‌ನ, ಮೈಕ್ ಇನ್‌ಪುಟ್.

ವಿಳಂಬದ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು: ನಿಮ್ಮ ದನಿಯನ್ನು ಮಿಕ್ಸರ್‌ನಿಂದಲೇ ಕೇಳಿ, ಕಂಪ್ಯೂಟರ್ ಸುತ್ತಿ ಬಂದದ್ದನ್ನಲ್ಲ. ಕಂಪ್ಯೂಟರ್ ಸದ್ದನ್ನು ಕೂಡಿಟ್ಟುಕೊಳ್ಳುವ 256 ಸ್ಯಾಂಪಲ್ ಬಫರ್ 48 ಕಿಲೋಹರ್ಟ್ಸ್‌ನಲ್ಲಿ ಒಂದೇ ದಿಕ್ಕಿಗೆ 5.3 ಮಿಲಿಸೆಕೆಂಡ್ ತಿನ್ನುತ್ತದೆ.

ಒಬ್ಬಿಬ್ಬರ ಮಾತಿಗೆ, ನೇರ ಪ್ರಸಾರಕ್ಕೆ ನಾನು ಸ್ಟೀರಿಯೋವನ್ನೇ ಎತ್ತಿಕೊಳ್ಳುತ್ತೇನೆ. ಡ್ರಮ್ ಇರುವ ತಂಡಕ್ಕೆ ಮಲ್ಟಿಟ್ರ್ಯಾಕ್ ಬಿಟ್ಟರೆ ಬೇರೆ ಮಾತಿಲ್ಲ. ಈಗಾಗಲೇ ಒಳ್ಳೆಯ ಅನಲಾಗ್ ಮಿಕ್ಸರ್ ಇದ್ದವರು ಅದನ್ನು ಮಾರಬೇಡಿ, ಇಂಟರ್‌ಫೇಸ್ ಒಂದನ್ನು ಕೊಂಡರಾಯಿತು.